ಹರಣಿಯ ಹೊಟ್ಟೆಯಲ್ಲಿದ್ದ ರೊಟ್ಟಿ

2 ನವೆಂಬರ್ 2012

ಬೆಳಿಗ್ಗೆ ದವಾಖಾನೆಯ ಬಾಗಿಲು ತೆರೆಯುವ ಮೊದಲೇ ಮೂರು ಪಗ್ ನಾಯಿಗಳು ಕಟ್ಟೆಯ ಮೇಲೆ ಕೂತಿದ್ದವು. ಟೀವಿ ಜಾಹೀರಾತಿನಲ್ಲಿ ಆ ಮೋರೆ ಬಂದಾಗಿನಿಂದ ಚಿಕ್ಕೋಡಿಯಲ್ಲಿ ಸ್ಲ್ಯಾಬಿನ ಮನೆ ಕಟ್ಟಿಸಿದವರೆಲ್ಲ ಒಂದೊಂದು ತಂದುಕೊಂಡಿದ್ದಾರೆ. ನಾಯಿ ಉಸಿರಿಗಾಗಿ ಒದ್ದಾಡುತ್ತಿದ್ದರೆ ಇವರು "ಗೊರಕಿ ಹೊಡೀತೈತ್ರಿ ಸಾಹೇಬ್ರ, ಥೇಟ್ ನಮ್ಮ ಮಾವನಂಗ" ಎಂದು ನಗುತ್ತಾರೆ. ಮೂಗನ್ನು ಅಷ್ಟು ಚಪ್ಪಟೆ ಮಾಡಿಟ್ಟರೆ ಗಾಳಿ ಎಲ್ಲಿಂದ ಒಳಗೆ ಹೋಗಬೇಕು? ಒಂದಕ್ಕಂತೂ ಕಣ್ಣು ಹೊರಗೆ ಉಬ್ಬಿ, ಗುಡ್ಡೆಯ ಮೇಲೆ ಹುಣ್ಣಾಗಿತ್ತು.

ಮಧ್ಯಾಹ್ನ ನಿಪ್ಪಾಣಿಯಿಂದ ಹೀನಾ ಎಂಬ ಹುಡುಗಿ ಬುಟ್ಟಿಯಲ್ಲಿ ಪರ್ಷಿಯನ್ ಬೆಕ್ಕು ತಂದಿದ್ದಳು. ಕಣ್ಣೀರು ಸುರಿದು ಸುರಿದು ಮುಖದ ಬಿಳಿಕೂದಲು ಕಂದಾಗಿದೆ. "ಅಳಾಕತ್ತೈತೇನ್ರಿ ಇದು?" ಎಂದು ಕೇಳಿದಳು. ಅಳುವುದಿಲ್ಲ, ಮುಖ ಚಪ್ಪಟೆಯಾದಾಗ ಕಣ್ಣೀರು ಇಳಿದು ಹೋಗುವ ನಾಳವೂ ಮಡಚಿಕೊಂಡಿರುತ್ತದೆ, ದಿನಾ ಒರೆಸಬೇಕು ಎಂದು ಹೇಳಿ ಕಳಿಸಿದೆ. ಸಂಜೆ ಒಂದು ಲ್ಯಾಬ್ರಡಾರ್. ಮನೆಯವರು ತುಪ್ಪದ ಅನ್ನ ತಿನ್ನಿಸಿ ಎಮ್ಮೆಗರುವಿನಷ್ಟು ಮಾಡಿಟ್ಟಿದ್ದಾರೆ. ಹಿಂಗಾಲಿನ ಕೀಲು ಭಾರ ತಡೆಯಲಾರದೆ ಕುಂಟುತ್ತದೆ.

ಮೂವತ್ತೊಂದು ವರ್ಷ ಸರಕಾರಿ ನೌಕರಿಯಲ್ಲಿ ಆಕಳು ಎಮ್ಮೆಗಳ ನಡುವೆ ಕಳೆದವನು ನಾನು. ಬಾಗಿಲ ಮೇಲೆ 'ಡಾ. ಜ್ಞಾನದೇವ, ನಿವೃತ್ತ ಪಶುವೈದ್ಯಾಧಿಕಾರಿ' ಎಂದು ಬರೆಸಿದಾಗ ದನಗಳೇ ಬರುತ್ತವೆ ಎಂದುಕೊಂಡಿದ್ದೆ. ಈಗ ದಿನವಿಡೀ ನಾಯಿ, ಬೆಕ್ಕು. ಕಂಪೌಂಡರ್ ಹಸನಸಾಬನೂ ನನ್ನ ಜೊತೆಗೇ ನಿವೃತ್ತನಾಗಿ ನನ್ನ ಜೊತೆಗೇ ಇಲ್ಲಿಗೆ ಬಂದವನು. ಅವನು ಮಾತ್ರ ಪ್ರತಿ ನಾಯಿಗೂ "ಬಾ ರಾಜಾ" ಎನ್ನುತ್ತಾನೆ.

ನನ್ನನ್ನು ಕೇಳಿದರೆ ನಾಯಿ ಎಂದರೆ ನಮ್ಮ ಕಡೆಯ ಮುಧೋಳ ನಾಯಿ. ಉದ್ದ ಮೂತಿ, ಒಳಗೆ ಸೇರಿದ ಹೊಟ್ಟೆ, ಮೈಯಲ್ಲಿ ಗುಲಗಂಜಿಯಷ್ಟೂ ಕೊಬ್ಬಿಲ್ಲ. ಅವಕ್ಕೆ ರೋಗ ಎಂಬುದೇ ಇಲ್ಲ.

9 ನವೆಂಬರ್

ಇವತ್ತು ಒಂದು ನಾಯಿ ಟೇಬಲ್ಲಿನ ಮೇಲೆಯೇ ಸತ್ತಿತು. ಬರೆದಿಡುತ್ತೇನೆ, ಮುಂದೆ ಯಾರಾದರೂ ಕೇಳಿದರೆ ನೆನಪಿರಬೇಕು.

ಅಂಕಲಿ ಕಡೆ ಹೊಲದಲ್ಲಿ ಕುರಿ ದಡ್ಡಿ ಹಾಕಿಕೊಂಡಿರುವ ಭೀಮಸಿ ಎಂಬ ಕುರುಬ ನಿನ್ನೆ ಸಂಜೆ ಫೋನ್ ಮಾಡಿದ್ದ. ಅವನ ಮುಧೋಳ ನಾಯಿ ಮೊಲದ ಬೆನ್ನು ಹತ್ತಿ ಓಡುವಾಗ ಮುಳ್ಳುತಂತಿಗೆ ಸಿಕ್ಕು ತೊಡೆ ಹರಿದುಕೊಂಡಿತ್ತು. ಆ ತಳಿಯ ಚರ್ಮ ತೆಳುವು, ಕಾಗದದಂತೆ ಹರಿಯುತ್ತದೆ. "ಮುಂಜಾನೆ ಕರಕೊಂಡ ಬಾ. ಅಲ್ಲೀತನಕ ಹೊಟ್ಟಿಗೆ ಏನೂ ಹಾಕಬ್ಯಾಡ" ಎಂದು ಎರಡು ಸಲ ಹೇಳಿದ್ದೆ.

ಹತ್ತು ಗಂಟೆಗೆ ಟಂಟಂ ರಿಕ್ಷಾದಲ್ಲಿ ಬಂದರು. ಜೊತೆಗೆ ಅವನ ತಾಯಿ, ಅರವತ್ತೈದರ ಮುದುಕಿ. ನಾಯಿಯ ತಲೆ ಅವಳ ತೊಡೆಯ ಮೇಲಿತ್ತು. ಹರಣಿ ಎಂದು ಹೆಸರು. ಮೂರು ವರ್ಷದ ಹೆಣ್ಣು, ಗೋಧಿ ಬಣ್ಣ. ನೋವಿದ್ದರೂ ಗುರ್ ಎನ್ನದೆ ನನ್ನ ಕೈ ಮೂಸಿ ನೋಡಿತು.

ಗಾಯ ಗೇಣುದ್ದ ಇತ್ತು. ಎಚ್ಚರದಲ್ಲಿ ಹೊಲಿಯಲು ಬರುತ್ತಿರಲಿಲ್ಲ, ಮಂಪರು ಕೊಡಲೇಬೇಕಿತ್ತು. ನಾಯಿ ಎತ್ತರವಾಗಿತ್ತು. ಮೂವತ್ತು ಕಿಲೋ ಎಂದು ಅಂದಾಜು ಮಾಡಿ, ಅದಕ್ಕೆ ತಕ್ಕಷ್ಟು ಥಯೋಪೆಂಟೋನ್ ನರಕ್ಕೆ ಹಾಕಿದೆ. ಹೊಲಿಗೆ ಅರ್ಧ ಆದಾಗ ಕಾಲು ಜಗ್ಗಿತು. ಇನ್ನಷ್ಟು ಹಾಕಿದೆ. ಹಸನಸಾಬ ಏನೋ ಗೊಣಗಿದ. ಅವನದು ಯಾವಾಗಲೂ ಇದ್ದದ್ದೇ. ಎರಡು ಹೊಲಿಗೆ ಉಳಿದಿದ್ದಾಗ ಉಸಿರು ನಿಂತಿತು. ಇಪ್ಪತ್ತು ನಿಮಿಷ ಎದೆ ಒತ್ತಿದೆವು, ಉಸಿರು ಎಬ್ಬಿಸುವ ಇಂಜೆಕ್ಷನ್ನೂ ಕೊಟ್ಟೆ. ಆಗಲಿಲ್ಲ.

ಹೊರಗೆ ಬಂದೆ. ಭೀಮಸಿ ನನ್ನ ಮುಖ ನೋಡಿಯೇ ತಿಳಿದುಕೊಂಡ. ಮುದುಕಿ ಮಾತ್ರ "ಎದ್ದಿತೇನ್ರಿ ಸಾಹೇಬ್ರ?" ಎಂದು ಕೇಳಿದಳು.

ಹೇಳಿದೆ. ಅವಳು ಅಳಲಿಲ್ಲ. ಸಣ್ಣ ದನಿಯಲ್ಲಿ, "ನಾ ಹೊತ್ತ ಏರೂಕ ಮೊದಲ ಒಂದ ಕಾಲ ರೊಟ್ಟಿ ಹಾಲಾಗ ನೆನಸಿ ಹಾಕಿದ್ನಿರಿ. ರಾತ್ರಿಯಿಂದ ಉಪಾಸ ಇತ್ತು. ನನ್ನ ಮಾರೀನಽ ನೋಡ್ತಿತ್ತು, ಜೀವ ತಡೀಲಿಲ್ಲ" ಎಂದಳು.

"ಏನೂ ಹಾಕಬ್ಯಾಡ ಅಂತ ಬಡಕೊಂಡಿದ್ನಿಲ್ಲೋ ನಿನಗ!" ಎಂದೆ ಭೀಮಸಿಗೆ. "ಹೊಟ್ಟ್ಯಾಗ ಕೂಳ ಇದ್ರ ಮಂಪರಿನ್ಯಾಗ ಮ್ಯಾಲೆ ಬಂದು ಉಸುರಿನ ಕೊಳವಿಗೆ ಹೋಗ್ತೈತಿ. ಮತ್ತ ಹೆಂಗ ಉಳೀತೈತಿ?"

ಭೀಮಸಿ ತಾಯಿಯ ಕಡೆ ನೋಡಿದ. ಅವಳು ತನ್ನ ಬಲಗೈ ನೋಡಿಕೊಳ್ಳುತ್ತಿದ್ದಳು. ನಾಯಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದರು.

ರಜಿಸ್ಟರಿನಲ್ಲಿ ಬರೆದೆ: ಕಾರಣ, ಹೊಟ್ಟೆಯಲ್ಲಿ ಆಹಾರ.

10 ನವೆಂಬರ್

ಮಂಪರು ಕೊಡುವ ಮೊದಲು ಪ್ರಾಣಿ ಉಪವಾಸ ಇರಬೇಕು. ಇದು ಯಾವ ಪುಸ್ತಕದಲ್ಲಾದರೂ ಸಿಗುತ್ತದೆ, ಯಾವ ಡಾಕ್ಟರನ್ನಾದರೂ ಕೇಳಬಹುದು. ಹಳ್ಳಿಯವರು ಹೇಳಿದ್ದನ್ನು ಕೇಳುವುದಿಲ್ಲ, ಆಮೇಲೆ ಡಾಕ್ಟರ ಮೇಲೆ ಹಾಕುತ್ತಾರೆ.

ಇವರು ಹಾಕಲಿಲ್ಲ. ಅದು ನಿಜ.

ನಾಯಿಗೆ ವಾಂತಿಯಾಗಿರಲಿಲ್ಲ. ಒಮ್ಮೊಮ್ಮೆ ಹೊರಗೆ ಕಾಣುವಂತೆ ಆಗುವುದಿಲ್ಲ.

16 ನವೆಂಬರ್

ದೀಪಾವಳಿ ಮುಗಿಯಿತು. ಮೂರು ದಿನ ಪಟಾಕಿಗೆ ಹೆದರಿದ ನಾಯಿಗಳು. ಜರ್ಮನ್ ಶೆಫರ್ಡ್ ಒಂದು ಪಲಂಗದ ಕೆಳಗೆ ಸೇರಿ ಹೊರಗೆ ಬರಲಿಲ್ಲವೆಂದು ಮನೆಯವರು ನನ್ನನ್ನೇ ಕರೆದೊಯ್ದರು. ಕರೆದರೆ ಬಂದಿತು. ನಾಯಿಗಳು ಯಾಕೋ ನನ್ನ ಕೈಯನ್ನು ಬೇಗ ನಂಬುತ್ತವೆ.

ಶೇವಂತಾ ರಾತ್ರಿ ಊಟಕ್ಕೆ ರೊಟ್ಟಿ ಹಾಲು ಕೊಟ್ಟಿದ್ದಳು. ಮದುವೆಯಾಗಿ ಮೂವತ್ತು ವರ್ಷದಿಂದ ನನಗೆ ಅದೇ ಊಟ. ಸೇರಲಿಲ್ಲ. ಪಿತ್ತವಾಗಿರಬೇಕು. ಅನ್ನ ಮಾಡು ಎಂದೆ.

27 ನವೆಂಬರ್

ತೂಕದ ಯಂತ್ರ ತರಿಸಿದೆ. ಪ್ರಾಣಿ ಬಂದ ಕೂಡಲೇ ಮೊದಲು ತೂಗಬೇಕು ಎಂದು ಹಸನಸಾಬನಿಗೆ ಹೇಳಿದೆ. "ಬೆಕ್ಕೂ ಏನ್ರಿ?" ಎಂದ. ಬೆಕ್ಕೂ.

ರಾಯಬಾಗದಿಂದ ಒಬ್ಬರು ಪಗ್ ತಂದಿದ್ದರು, ಹಲ್ಲು ಕೀಳಬೇಕಿತ್ತು. ಅರ್ಧ ತಾಸಿನ ಕೆಲಸ. ಈ ತಳಿಗೆ ಮಂಪರು ಕೊಟ್ಟರೆ ಗಂಟಲಿನ ಮಾಂಸ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ, ಕೊಳವೆ ಹಾಕುವ ಸೌಕರ್ಯ ನನ್ನಲ್ಲಿಲ್ಲ, ಕೊಲ್ಹಾಪುರಕ್ಕೆ ಒಯ್ಯಿರಿ ಎಂದೆ. ಅವರು ಹೋದ ಮೇಲೆ ಹಸನಸಾಬ ಕತ್ತರಿಗಳನ್ನು ಕುದಿಯುವ ನೀರಿಗೆ ಹಾಕುತ್ತ, "ಹದಿನೆಂಟ ದಿನ ಆತ್ರಿ, ಇವನ್ನ ಸುಮ್ನ ಕುದಸಾಕತ್ತೇನಿ" ಎಂದ.

ಆಪರೇಶನ್ ಬರುತ್ತಿಲ್ಲ, ಅಷ್ಟೆ. ಬಂದರೆ ಮಾಡುತ್ತೇನೆ. ಎಷ್ಟು ದಿನ ಆಯಿತೆಂದು ಅವನು ಯಾಕೆ ಎಣಿಸಬೇಕು?

6 ಡಿಸೆಂಬರ್

ಟೇಬಲ್ಲಿನ ಖಾನೆಯಲ್ಲಿ ಲಸಿಕೆಯ ಚೀಟಿಗಳನ್ನು ಹುಡುಕುವಾಗ ಆ ಕಾಗದ ಸಿಕ್ಕಿತು. ಎರಡು ವರ್ಷದ ಹಿಂದೆ ಬೆಳಗಾವಿಯಲ್ಲಿ ಒಂದು ದಿನದ ತರಬೇತಿ ಇತ್ತು. ನನ್ನ ಮಗಳ ವಯಸ್ಸಿನ ಡಾಕ್ಟರ್ ಒಬ್ಬಳು ನಾಯಿ ತಳಿಗಳ ಬಗ್ಗೆ ಪಾಠ ಮಾಡಿದ್ದಳು. ಯಾವ ತಳಿಗೆ ಯಾವ ರೋಗ, ಯಾವ ತಳಿಗೆ ಯಾವ ಔಷಧ ಆಗದು. ನಾವು ಹಿರಿಯರೆಲ್ಲ ಹಿಂದೆ ಕೂತು ಊಟದ ಹೊತ್ತು ನೋಡುತ್ತಿದ್ದೆವು.

ನಾಲ್ಕನೇ ಪುಟದಲ್ಲಿದೆ. ಓಟದ ತೆಳು ನಾಯಿಗಳ ಮೈಯಲ್ಲಿ ಕೊಬ್ಬು ಇರುವುದಿಲ್ಲ. ಬೇರೆ ನಾಯಿಗಳಲ್ಲಿ ಥಯೋಪೆಂಟೋನ್ ರಕ್ತದಿಂದ ಕೊಬ್ಬಿಗೆ ಇಳಿದು ಹೋಗುತ್ತದೆ, ಇವುಗಳಲ್ಲಿ ಇಳಿಯಲು ಜಾಗವಿಲ್ಲದೆ ರಕ್ತದಲ್ಲಿಯೇ ಉಳಿಯುತ್ತದೆ. ಮುಧೋಳ ತಳಿಗೆ ಕೊಡಬೇಡಿ. ಎರಡನೇ ಸಲ ಹಾಕುವುದಂತೂ ಸಲ್ಲದು.

ಆ ಸಾಲಿನ ಕೆಳಗೆ ನೀಲಿ ಗೆರೆ ಇತ್ತು. ಗೆರೆ ಎಳೆದವನು ನಾನೇ. ನನ್ನ ಪೆನ್ನು.

ಅಂದರೆ ಗೊತ್ತಿತ್ತು. ಕಿವಿಗೆ ಬಿದ್ದಿತ್ತು, ಕೈ ಗೆರೆಯನ್ನೂ ಎಳೆದಿತ್ತು. ಹರಣಿ ಬಂದ ದಿನ ನೆನಪಾಗಲಿಲ್ಲ. ಮೂವತ್ತು ಕಿಲೋ ಎಂದುಕೊಂಡೆ. ನಿನ್ನೆ ಅಷ್ಟೇ ಎತ್ತರದ ಇನ್ನೊಂದು ಮುಧೋಳ ನಾಯಿ ಹುಚ್ಚುನಾಯಿ ಲಸಿಕೆಗೆ ಬಂದಿತ್ತು, ತೂಗಿದೆ. ಇಪ್ಪತ್ತೊಂದು.

ಆಗಿದ್ದು ಆಗಿ ಹೋಯಿತು. ಈಗ ಹೇಳಿದರೆ ನಾಯಿ ಎದ್ದು ಬರುತ್ತದೆಯೆ? ಅವರೂ ಮರೆತಿರುತ್ತಾರೆ. ಕುರುಬರ ಬಳಿ ನಾಯಿಗಳಿಗೇನು ಕಡಿಮೆ.

19 ಡಿಸೆಂಬರ್

ಭೀಮಸಿ ಬಂದಿದ್ದ.

ಬಾಗಿಲಲ್ಲಿ ಅವನನ್ನು ನೋಡಿದಾಗ ಎಲ್ಲ ತಿಳಿದುಕೊಂಡೇ ಬಂದಿದ್ದಾನೆ ಅನಿಸಿತು. ನಿಜ ಹೇಳಬೇಕೆಂದರೆ ಒಂದು ಕ್ಷಣ ಹಗುರವೂ ಆಯಿತು. ಆದರೆ ಅವನು ಕಂಬಳಿ ಬಿಚ್ಚಿ ಒಂದು ಕುರಿಮರಿಯನ್ನು ಟೇಬಲ್ಲಿನ ಮೇಲಿಟ್ಟ. ಎಂಟು ದಿನದ್ದು, ತಾಯಿ ಸತ್ತಿದೆ, ನಿಲ್ಲಲೂ ತ್ರಾಣವಿಲ್ಲ.

"ಇದಕ್ಕೇನೂ ಬ್ಯಾನಿಲ್ಲ, ಹಸಿವು. ಬಾಟ್ಲಿಲೆ ಹಾಲ ಕುಡಸೂದಿಲ್ಲೇನ?" ಎಂದೆ.

"ನನ್ನ ಹೇಣ್ತಿ ಕುಡಸ್ತಾಳ್ರಿ. ಅಕೀಗಿ ಸರಿಯಾಗಿ ಬರೂದಿಲ್ಲ."

"ನಿಮ್ಮವ್ವ?"

ಅವನು ಮರಿಯ ಕಿವಿ ಸವರುತ್ತ ನಿಂತ. "ಅವ್ವ ಮುಟ್ಟೂದಿಲ್ರಿ ಈಗ. ಮೊದಲ ತಾಯಿ ಇಲ್ಲದ ಮರಿ ಎಲ್ಲಾ ಅಕಿ ಉಡ್ಯಾಗಽ ಬೆಳೀತಿದ್ದೂ. ಹರಣೀನೂ ಹಂಗಽ ಬೆಳಸಿದ್ಲು, ಕಣ್ಣ ಬಿಟ್ಟಿದ್ದಿಲ್ಲ ತಂದಾಗ. ಆವತ್ತಿನಿಂದ ಯಾವ ಜೀವಕ್ಕೂ ಕೈಲೆ ಏನೂ ಹಾಕಿಲ್ರಿ. ನನ್ನ ಕೈ ಇಷದ ಕೈ ಅಂತಾಳ. ಮೊಮ್ಮಗಳು ಮುಂದ ಬಂದು ಬಾಯಿ ತಗದ್ರ ಎದ್ದು ಹ್ವಾರಗ ಹೋಗ್ತಾಳ. ಈ ಸಲ ನಾಕ ಮರಿ ಹೋದೂರಿ."

"ಹೊಸಾ ನಾಯಿ ತರಬೇಕಿಲ್ಲೋ?"

"ತಂದಿದ್ನಿ. ಕೂಗ್ಯಾಡಿ ತಿರಗಿ ಕಳಿಸಿದ್ಲು. ಮೊನ್ನೆ ತ್ವಾಳ ಬಂದು ಎರಡ ಕುರಿ ಎಳಕೊಂಡ ಹೋತು." ಅವನ ದನಿ ಇಳಿಯಿತು. "ನಂದೂ ತಪ್ಪೈತ್ರಿ ಸಾಹೇಬ್ರ. ಆವತ್ತ ಟಂಟಂದಾಗ ಹೋಗೂಮುಂದ ಹರಣಿ ಇಬ್ಬರ ನಡುವ ಇತ್ತು. ಸಿಟ್ಟಿನ್ಯಾಗ 'ನೀನಽ ಕೊಂದಿ' ಅಂದೆ. ಒಂದಽ ಸಲ ಅಂದದ್ದು."

ನಾನು ಬಾಯಿ ತೆರೆದೆ. ಹಾಲಿಗೆ ಎಷ್ಟು ನೀರು, ಎಷ್ಟೆಷ್ಟು ಹೊತ್ತಿಗೆ ಕುಡಿಸಬೇಕು ಎಂದು ಹೇಳಿದೆ. ಗ್ಲೂಕೋಸ್ ಕೊಟ್ಟೆ. ಚೀಟಿಯ ಮೇಲೆ ಸ್ಪಷ್ಟವಾಗಿ ಬರೆದೆ, ಅವನಿಗೆ ಓದಲು ಬರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಅವನು ಕೈ ಮುಗಿದು ಹೋದ.

ಹಸನಸಾಬ ಇಡೀ ಹೊತ್ತು ಸಿಂಕಿನ ಮುಂದೆ ನಿಂತಿದ್ದ. ನಲ್ಲಿ ಬಂದ್ ಇತ್ತು.

20 ಡಿಸೆಂಬರ್

ಭೀಮಸಿ ಎದುರಿಗೇ ನಿಂತಿದ್ದ. ಮೂರು ಮಾತು ಸಾಕಾಗಿತ್ತು.

23 ಡಿಸೆಂಬರ್

ನಾಲ್ಕು ಮರಿ. ಎರಡು ಕುರಿ. ಹರಣಿ.

30 ಡಿಸೆಂಬರ್

ಅಂಕಲಿಗೆ ಹೋಗಿದ್ದೆ. ಸ್ಕೂಟರಿನ ಡಿಕ್ಕಿಯಲ್ಲಿ ಹಾಲಿನ ಪುಡಿ ಮತ್ತು ನಾಲ್ಕು ನಿಪ್ಪಲ್ ಬಾಟ್ಲಿ. ಭೀಮಸಿ ಕುರಿ ಹೊಡೆದುಕೊಂಡು ಹೊಳೆಯ ಕಡೆ ಹೋಗಿದ್ದ. ಅವನಿಲ್ಲದ ಹೊತ್ತು ನೋಡಿಯೇ ಹೋಗಿದ್ದೆ ಎಂದು ಇಲ್ಲಿಯಾದರೂ ಒಪ್ಪಿಕೊಳ್ಳುತ್ತೇನೆ. ಅವನ ತಾಯಿ ಸುಂದರಾಬಾಯಿ ದಡ್ಡಿಯ ಸುತ್ತ ಕಟ್ಟಿದ ಬಲೆಯ ಪಕ್ಕದಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಾಳೆ. ನನ್ನನ್ನು ಕಂಡು ಎದ್ದು ಸೆರಗು ಸರಿಮಾಡಿಕೊಂಡು, ಕಂಬಳಿ ಹಾಸಿದಳು.

ಕೂತೆ. ಹೇಳಿದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹೋದ ಮಾತುಗಳೆಲ್ಲ ಅಡ್ಡಾದಿಡ್ಡಿಯಾದವು. "ಅವ್ವಾ, ನಿನ್ನ ರೊಟ್ಟಿಯಿಂದ ಸತ್ತಿಲ್ಲ ಅದು. ಔಷಧ ಹೆಚ್ಚಾತು. ತಪ್ಪ ನಂದು."

ಅವಳು ಉಣ್ಣೆ ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಮುಖದಲ್ಲಿ ಒಂದು ಥರದ ಕರುಣೆ ಬಂದಿತು. ನನ್ನ ಮೇಲೆ.

"ಭೀಮಸಿ ನಿಮಗ ಹೇಳ್ಯಾನ, ಹೌದಿಲ್ರಿ? ಅವ್ವ ಉಣ್ಣೂದಿಲ್ಲ, ಮಾತಾಡೂದಿಲ್ಲ ಅಂತ. ಅದಕ್ಕ ಅಷ್ಟ ದೂರದಿಂದ ಬಂದ್ರಿ." ಕಣ್ಣು ಒರೆಸಿಕೊಂಡಳು. "ದೊಡ್ಡ ಮನಸ್ಸ್ರಿ ನಿಮ್ಮದು. ಮುದುಕೀ ಜೀವ ಹಗರ ಆಗ್ಲಿ ಅಂತ ತಪ್ಪ ನಿಮ್ಮ ಮ್ಯಾಲೆ ಹಾಕ್ಕೋಬ್ಯಾಡ್ರಿ. ಆವತ್ತ ನೀವಽ ಹೇಳಿದ್ರಲ್ಲ, ಹೊಟ್ಟ್ಯಾಗ ಕೂಳ ಇದ್ರ ಉಳಿಯೂದಿಲ್ಲ ಅಂತ. ಕಲಿತವರು ಸಿಟ್ಟಿನ್ಯಾಗ ಹೇಳಿದ್ದಽ ಖರೇ ಇರ್ತೈತಿ."

ಇಲ್ಲ ಅವ್ವಾ, ಆಗ ಹೇಳಿದ್ದೇ ಸುಳ್ಳು ಎಂದೆ. ಮತ್ತೆ ಮತ್ತೆ ಹೇಳಿದೆ. ಹೇಳಿದಷ್ಟೂ ಅವಳು ತಲೆ ಅಲ್ಲಾಡಿಸುತ್ತ, "ಚಹಾ ಕಾಸ್ತಾಳ ಸೊಸಿ, ಕುಡದ ಹೋಗ್ರಿ" ಎಂದಳು. ತಾನು ಲೋಟ ಮುಟ್ಟಲಿಲ್ಲ. ಸೊಸೆಯ ಕೈಯಿಂದಲೇ ಕೊಡಿಸಿದಳು.

ಕುಡಿದೆ. ಏನು ಮಾಡಬೇಕಿತ್ತು?

7 ಜನವರಿ 2013

ಶೇವಂತಾಳಿಗೆ ಹೇಳಿದೆ. ಅವಳು ಎಳ್ಳು ಸ್ವಚ್ಛ ಮಾಡುತ್ತಿದ್ದಳು, ಸಂಕ್ರಾಂತಿಗೆ.

"ಅಂದ್ರ ಎರಡ ತಿಂಗಳಿಂದ ನೀವು ರೊಟ್ಟಿ ಬಿಟ್ಟದ್ದು ಪಿತ್ತಕ್ಕಲ್ಲ" ಎಂದಳು.

ನಾನು ಅದನ್ನು ಯೋಚಿಸಿರಲಿಲ್ಲ.

"ಹೋಗಿ ಹೇಳಿ ಬಂದೀನಿ, ನಂಬಲಿಲ್ಲ. ಇನ್ನೇನ ಮಾಡ್ಲಿ?"

"ಸುಳ್ಳ ಎಲ್ಲಿ ಹೇಳಿದ್ರಿ? ಮಗನ ಮುಂದ, ನಾಕ ಮಂದಿ ಮುಂದ, ದನಿ ಏರಿಸಿ. ಖರೇ ಎಲ್ಲಿ ಹೇಳಿದ್ರಿ? ಯಾರೂ ಇಲ್ಲದಾಗ, ಅಕೀ ಕಿವ್ಯಾಗ. ಹೆಂಗ ನಂಬ್ತಾಳ್ರೀ ಅಕಿ?"

ಎಳ್ಳಿನ ಮೊರ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟು ಬಂದಿತು ನನಗೆ. ಸಂಜೆಯವರೆಗೂ ಇತ್ತು. ಆಮೇಲೆ ಇರಲಿಲ್ಲ.

11 ಜನವರಿ

ಹಸನಸಾಬನನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ಆವತ್ತು ಎರಡನೇ ಸಲ ಔಷಧ ಹಾಕುವಾಗ ನೀನು ಏನೋ ಅಂದಿಯಲ್ಲ, ಏನಂದೆ?

"ನಿಮಗ ಕೇಳಿಸಿತ್ರಿ" ಎಂದ.

"ಮತ್ತೊಮ್ಮೆ ಹೇಳು."

"'ಸಾಕ್ರಿ ಸಾಹೇಬ್ರ, ಉಸರ ಸಣ್ಣ ಆಗೇತಿ' ಅಂದ್ನಿ."

ಇಪ್ಪತ್ತೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೇವೆ. ಅವನು ಒಂದು ಮಾತನ್ನೂ ಹೊರಗೆ ಹಾಕಿಲ್ಲ. ನನ್ನನ್ನು ಕಾಪಾಡುತ್ತಿದ್ದಾನೆ ಎಂದುಕೊಂಡಿದ್ದೆ. ಅದನ್ನೇ ಹೇಳಿದೆ. ಅವನು, "ನಿಮ್ಮನ್ನ ಅಲ್ರಿ, ನನ್ನ ನಾ ಉಳಿಸಿಕೊಂಡ್ನಿ. ಹೊರಗ ಬಂದು ನೀವು ಆ ಮುದುಕಿ ಮುಂದ ಬೈಯೂಮುಂದ ನಾನೂ ಬಾಗಲದಾಗ ನಿಂತಿದ್ನಿಲ್ರೀ? ನಾನೂ ಸುಮ್ನಽ ಇದ್ನಿ. ಮನ್ಯಾಗ ನಮಾಜಿಗೆ ನಿಂತ್ರ ಅಕೀ ಮಾರೀನಽ ಬರ್ತೈತಿ" ಎಂದ.

ಸಂಕ್ರಾಂತಿಗೆ ಅಂಕಲಿಗೆ ಬರುತ್ತೀಯಾ ಎಂದು ಕೇಳಿದೆ. ಬರುತ್ತೇನೆ, ಗಾಡಿ ತಾನೇ ಹೊಡೆಯುತ್ತೇನೆ ಎಂದ.

ಜನ ಏನೆನ್ನುತ್ತಾರೆ ಎಂಬ ಯೋಚನೆ ಬರುತ್ತದೆ. ಸುಳ್ಳು ಯಾಕೆ ಬರೆಯಲಿ, ಬಹಳ ಬರುತ್ತದೆ. ಕುರಿ ಕಾಯುವವರ ಬಾಯಿಂದ ಬಾಯಿಗೆ ಹೋದರೆ ಮಂಗಸೂಳಿಯವರೆಗೆ ಎರಡು ದಿನ ಸಾಕು.

14 ಜನವರಿ

ಮೂರು ಗಂಟೆಗೆ ಹೊರಟೆವು. ಕಬ್ಬು ಕಡಿಯುವ ಕಾಲ, ರಸ್ತೆ ತುಂಬ ಟ್ರ್ಯಾಕ್ಟರ್. ದಡ್ಡಿ ಮುಟ್ಟಿದಾಗ ಹೊತ್ತು ಇಳಿಯುತ್ತಿತ್ತು. ಹಬ್ಬಕ್ಕೆಂದು ಪಕ್ಕದ ದಡ್ಡಿಯವರೂ ಬಂದು ಕೂತಿದ್ದರು, ಏಳೆಂಟು ಜನ. ಭೀಮಸಿ, ಅವನ ಹೆಂಡತಿ, ನಾಲ್ಕು ವರ್ಷದ ಮಗಳು. ಸುಂದರಾಬಾಯಿ ಎಲ್ಲರಿಂದ ಸ್ವಲ್ಪ ದೂರ, ಬಲೆಗೆ ಬೆನ್ನು ಕೊಟ್ಟು ಕೂತಿದ್ದಳು.

ಕೂಡ್ರಿ ಎಂದರು. ಕೂಡಲಿಲ್ಲ. ಕೂತರೆ ಮತ್ತೆ ಚಹಾ ಬರುತ್ತದೆ, ಮಾತು ಬೇರೆ ಕಡೆ ಹೋಗುತ್ತದೆ ಎಂದು ಗೊತ್ತಿತ್ತು.

"ಭೀಮಸಿ, ಎಲ್ಲಾರೂ ಕೇಳ್ರಿ" ಎಂದೆ. ದನಿ ನನ್ನದೇ ಅನಿಸಲಿಲ್ಲ. "ಹರಣಿ ರೊಟ್ಟಿ ತಿಂದು ಸತ್ತಿಲ್ಲ. ಆ ಔಷಧ ಮುಧೋಳ ನಾಯಿಗೆ ಹಾಕಬಾರದು. ಅದು ನನಗ ಗೊತ್ತಿತ್ತು, ಆದ್ರೂ ಹಾಕಿದ್ನಿ. ತೂಕ ಮಾಡಲಿಲ್ಲ. ಮ್ಯಾಲೆ ಮತ್ತೊಮ್ಮೆ ಹಾಕಿದ್ನಿ. ನನ್ನ ಕೈಯಾಗ ಸತ್ತೈತಿ ಅದು. ಹೊರಗ ಬಂದಾಗ ಅವ್ವ ರೊಟ್ಟಿ ಮಾತ ತಗದ್ಲು, ನಾ ಅದರ ಹಿಂದ ಅಡಗಿದ್ನಿ."

ಸುಂದರಾಬಾಯಿ ಅಲ್ಲಿಂದಲೇ, "ಮತ್ತ ಅದನ್ನಽ ಹೇಳಾಕ ಬಂದಾರ. ಆವತ್ತೂ ಹೇಳಿದ್ರು. ಬಿಡ್ರಿ ಸಾಹೇಬ್ರ" ಎಂದಳು.

ಆಗ ಹಸನಸಾಬ ಅವಳ ಮುಂದೆ ಹೋಗಿ ಕುಕ್ಕರುಗಾಲಲ್ಲಿ ಕೂತ. "ಅವ್ವಾ, ನಾ ಬಾಜೂಕ ನಿಂತಿದ್ನಿ. ಸಾಕ್ರಿ ಅಂದ್ನಿ. ಅವ್ರು ಕೇಳಲಿಲ್ಲ. ಜೀವ ಹೋದಮ್ಯಾಲೆ ಅದರ ಬಾಯಿ ತೆಗದು ಒರಿಸಿದಾಂವ ನಾನು. ನೀ ಹಾಕಿದ ರೊಟ್ಟಿ ಹೊಟ್ಟ್ಯಾಗಽ ಇತ್ತು. ಒಂದ ಹನಿ ಹಾಲೂ ಮ್ಯಾಲೆ ಬಂದಿದ್ದಿಲ್ಲ."

"ಬಾಯಿ ಸ್ವಚ್ಛ ಇತ್ತು?"

"ಸ್ವಚ್ಛ ಇತ್ತು."

"ಗಂಟಲಾ?"

"ಬ್ಯಾಟರಿ ಹಾಕಿ ನೋಡೇನಿ. ಅದೂ ಸ್ವಚ್ಛ."

"ಅಲ್ಲಾನ ಆಣಿ?"

"ಅಲ್ಲಾನ ಆಣಿ ಅವ್ವಾ."

ಅವಳು ಅವನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ಎದ್ದಳು. ಗೋಡೆಯಿಲ್ಲದ ಬಯಲಿನಲ್ಲಿ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ, ಬಲೆಯ ಗೂಟ ಹಿಡಿದು ಎದ್ದಳು. ನೇರ ನನ್ನ ಹತ್ತಿರ ಬಂದಳು.

"ನಿನಗ ಗೊತ್ತಿತ್ತು" ಎಂದಳು.

"ಹೌದು."

"ಎರಡ ತಿಂಗಳಿಂದ ಗೊತ್ತಿತ್ತು. ಊರಾಗ ದವಾಖಾನಿ ತಗದು ಕುರ್ಚಿ ಮ್ಯಾಲೆ ಕುಂತಿದ್ದಿ. ನಾ ಇಲ್ಲಿ ಮೊಮ್ಮಗಳ ಬಾಯಿಗೆ ಒಂದ ತುತ್ತ ಹಾಕಾಕ ಅಂಜಿ ಸತ್ನಲ್ಲೋ! ರಾತ್ರಿ ಎದ್ದು ಕೈ ತೊಳಕೊಂಡ್ನಿ. ಬೂದಿ ಹಚ್ಚಿ ತಿಕ್ಕಿ ತೊಳಕೊಂಡ್ನಿ. ಹೋಗ್ಲಿ, ನಾಯಿ ಸಾಯ್ತಾವ, ಮನಷ್ಯಾರೂ ಸಾಯ್ತಾರ, ತಪ್ಪಾತು ಅಂದಿದ್ರ ನಾನಽ ನಿನಗ ನೀರ ಕೊಟ್ಟ ಕಳಸ್ತಿದ್ನಿ. ನನ್ನ ರೊಟ್ಟೀಗಿ ಹಚ್ಚಿದಿ. ಮುಂಜಾನೆದ್ದು ತಟ್ಟಿದ ರೊಟ್ಟೀಗಿ ಹಚ್ಚಿದಿ!"

"ಅವ್ವಾ..." ಎಂದು ಭೀಮಸಿ ಎದ್ದ.

"ನೀ ಸುಮ್ನ ಕುಂದ್ರು. ನಿಂದೂ ಐತಿ."

ಅವನು ಕೂತ.

ಇಷ್ಟು ಹೊತ್ತಿಗೆ ಸೊಸೆ, ಏನು ಮಾಡಬೇಕೆಂದು ತಿಳಿಯದೆ, ತನ್ನ ಕೆಲಸ ಹಿಡಿದುಕೊಂಡಿದ್ದಳು. ಒಂದು ಮರಿಯನ್ನು ಕಾಲಿನ ನಡುವೆ ಹಿಡಿದು, ನಾನು ಒಯ್ದು ಕೊಟ್ಟಿದ್ದ ಬಾಟ್ಲಿಯನ್ನು ಅದರ ಬಾಯಿಗೆ ತುರುಕುತ್ತಿದ್ದಳು. ಮರಿ ಕೆಮ್ಮಿ ಹಾಲು ಉಗುಳಿತು. ಸುಂದರಾಬಾಯಿ ಬೈಯುತ್ತಲೇ ಅತ್ತ ತಿರುಗಿದಳು. "ಹಂಗ ಹಿಡೀತಾರೇನ? ಮಾರಿ ಮ್ಯಾಲೆ ಮಾಡಿದ್ರ ಮೂಗಿಗೆ ಹೋಗ್ತೈತಿ, ಇಲ್ಲಿ ತಾ" ಎಂದು ಬಾಟ್ಲಿ ಕಸಿದುಕೊಂಡು, ಕೆಳಗೆ ಕೂತು, ಮರಿಯನ್ನು ಉಡಿಗೆ ಎಳೆದುಕೊಂಡಳು. ಎಡಗೈಯಿಂದ ಅದರ ಗದ್ದ ಹಿಡಿದು, ಬಲಗೈಯ ಬೆರಳಿಗೆ ಬಾಟ್ಲಿಯಿಂದ ಎರಡು ಹನಿ ಹಾಲು ಹಾಕಿಕೊಂಡು ಅದರ ನಾಲಿಗೆಗೆ ಹಚ್ಚಿ, ಆಮೇಲೆ ಬಾಟ್ಲಿ ಕೊಟ್ಟಳು.

ಬೈಯುವುದನ್ನು ನಿಲ್ಲಿಸಲಿಲ್ಲ. ನನ್ನ ಓದಿಗೆ ಬೈದಳು, ನನ್ನ ಬೋರ್ಡಿಗೆ ಬೈದಳು, ನಾನು ಹೋದ ಸಲ ಕುಡಿದ ಚಹಾಕ್ಕೂ ಬೈದಳು. ಸತ್ತ ನಾಲ್ಕು ಮರಿಗಳನ್ನು ಒಂದೊಂದಾಗಿ ಬಣ್ಣ ಹೇಳಿ ಎಣಿಸಿದಳು. ಹರಣಿಯ ಹೆಸರು ಬಂದಾಗ ಮಾತ್ರ ಮರಿಯನ್ನು ಉಡಿಗೆ ಇನ್ನಷ್ಟು ಒತ್ತಿ ಹಿಡಿದಳು. ಮತ್ತೆ ಶುರು ಮಾಡಿದಳು. ಮರಿ ಬಾಲ ಅಲ್ಲಾಡಿಸುತ್ತ ಹಾಲು ಎಳೆಯುತ್ತಿತ್ತು. ಭೀಮಸಿ ಮುಖ ಮುಚ್ಚಿಕೊಂಡು ಕೂತಿದ್ದ. ಅವನ ಮಗಳು ಮೆಲ್ಲಗೆ ಹೋಗಿ ಅಜ್ಜಿಯ ಬೆನ್ನಿಗೆ ಒರಗಿ ನಿಂತಳು.

ನಾನು ನಿಂತೇ ಇದ್ದೆ. ಅವಳು ಹೇಳಿದ್ದರಲ್ಲಿ ಹೆಚ್ಚಿನ ಮಾತು ಒಂದೂ ಇರಲಿಲ್ಲ. ತಪ್ಪಾಯಿತು ಎಂದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ, ಅಥವಾ ಕೇಳಿಸಿಯೂ ತಲೆ ಎತ್ತಲಿಲ್ಲ. ಬಾಟ್ಲಿ ಖಾಲಿಯಾಗುವವರೆಗೂ, ಆಮೇಲೆಯೂ ಸ್ವಲ್ಪ ಹೊತ್ತು ನಿಂತಿದ್ದೆ.

ಕೊನೆಗೆ ಅವಳು ಸೆರಗಿನಿಂದ ಮರಿಯ ಬಾಯಿ ಒರೆಸಿ, "ಹೋಗ್ರಿ ಇನ್ನ. ಕತ್ತಲಾಗೂದರಾಗ ಡಾಂಬರ್ ರೋಡ್ ಮುಟ್ಟ್ರಿ. ಕಬ್ಬಿನ ಟ್ರ್ಯಾಕ್ಟರಿಗೆ ಹಿಂದ ದೀಪ ಇರೂದಿಲ್ಲ" ಎಂದಳು.

ಹಸನಸಾಬನಿಗೆ ಹೇಳಿದಳು, ನನಗಲ್ಲ.